ಮರಿ ಹಾಕಿಸ್ತಿದ್ದ ಲ್ಯಾಬ್ (ಲ್ಯಾಬ್ರಡಾರ್) ನಾಯಿಯನ್ನ ಮನೆಗೆ ತರೋದು, ಸಾಕಿದವ್ರು ಹೇಳಿ

ಕಾರವಾರದಿಂದ ಕೇಳ್ತಿದ್ದೇನೆ. ಬ್ರೀಡರ್ ಒಬ್ರ ಹತ್ರ 6 ವರ್ಷದ ಹೆಣ್ಣು ಲ್ಯಾಬ್ ಇದೆ, ಇನ್ನು ಮರಿ ತೆಗೆಯಲ್ಲ, ಬೇಕಾದ್ರೆ ದುಡ್ಡಿಲ್ದೆ ತಗೊಂಡ್ ಹೋಗಿ ಅಂತಿದ್ದಾರೆ. ಹುಟ್ಟಿದಾಗಿಂದ ಗೂಡಲ್ಲೇ ಇದ್ದಿದ್ದು. ನಮ್ಮನೇಲಿ ಇಬ್ರು ಸಣ್ಣ ಮಕ್ಕಳು. ಈ ವಯಸ್ಸಲ್ಲಿ ಹೊಂದ್ಕೊಳ್ತದಾ?

ಶಿರಸಿಯಿಂದ:
ಹೊಂದ್ಕೊಳ್ತದೆ, ತಗೊಂಡ್ ಬನ್ನಿ. ನಮ್ಮನೆಗೆ ಇಂಥವಳೇ ಒಬ್ಳು ಬಂದು ನಾಲ್ಕು ವರ್ಷ ಆಯ್ತು. ಮೊದಲ ದಿನ ಕಾರಿಂದ ಇಳಿಸಿದ್ರೆ ಅಂಗಳದಲ್ಲಿ ನಿಂತಲ್ಲೇ ನಿಂತ್ಲು, ಜಗುಲಿಗೆ ಇರೋದು ಮೂರೇ ಮೆಟ್ಟಿಲು ಅದನ್ನೂ ಹತ್ತೋಕೆ ಗೊತ್ತಿಲ್ಲ, ಕುಕ್ಕರ್ ಸೀಟಿ ಹೊಡೆದ್ರೆ ಅಲ್ಲೇ ಉಚ್ಚೆ. ಹನ್ನೊಂದು ದಿನ ಮಂಚದಡಿ. ನಾವೆಲ್ಲ ಬಾ ಬಾ ಅಂತ ಕರೆದಷ್ಟೂ ಒಳಗೆ ಸರೀತಿದ್ಲು. ಆಗ ಅಡಿಕೆ ಸುಗ್ಗಿ, ನಮ್ಮತ್ತೆ ಸಂಜೆ ಆದ್ರೆ ಮೆಟ್ಟುಗತ್ತಿ ಹಿಡ್ಕೊಂಡು ಅಡಿಕೆ ಸುಲೀತಾ ಕೂರ್ತಿದ್ರು, ಅವ್ರು ಅವಳನ್ನ ನೋಡ್ತಾನೂ ಇರ್ಲಿಲ್ಲ ಮಾತಾಡಿಸ್ತಾನೂ ಇರ್ಲಿಲ್ಲ. ಹನ್ನೆರಡನೇ ದಿನ ತಾನಾಗೇ ಹೊರಗೆ ಬಂದು ಅತ್ತೆ ಸೀರೆ ಸೆರಗಿನ ಮೇಲೆ ಗದ್ದ ಇಟ್ಟು ಮಲಗಿದ್ಲು. ನಾನು ಕಲ್ತಿದ್ದು ಅವತ್ತೇ, ಸುಮ್ನೆ ಹತ್ರ ಕೂತ್ಕೊಳ್ಳಿ, ಮುಟ್ಟೋಕೆ ಹೋಗ್ಬೇಡಿ.

ಇನ್ನೊಂದು, ಇದನ್ನ ದಯವಿಟ್ಟು ಮರೀಬೇಡಿ. ಕೊನೆಯ ಬೆದೆ ಯಾವಾಗ ಬಂದಿತ್ತು ಅಂತ ಬ್ರೀಡರ್ ಹತ್ರ ಕೇಳಿ ಬರೆದಿಟ್ಕೊಳ್ಳಿ. ನಮಗೆ ಎಲ್ಲಾ ಚೆನ್ನಾಗಿದೆ ಅಂತ ಹೇಳಿ ಕೊಟ್ರು, ನಾವೂ ಮರಿ ಆಗದ ಹಾಗೆ ಮಾಡ್ಸೋ ಆಪರೇಷನ್ ಮುಂದೆ ನೋಡೋಣ ಅಂತ ಬಿಟ್ವಿ. ಬಂದ ಮೇಲೆ ಒಂದ್ಸಲ ಬೆದೆಗೆ ಬಂದ್ಲು, ಅದಾಗಿ ಒಂದೂವರೆ ತಿಂಗಳಿಗೆ ಊಟ ಬಿಟ್ಲು, ನೀರು ಮಾತ್ರ ಕುಡಿದಿದ್ದೇ ಕುಡಿದಿದ್ದು, ಹಿಂದೆ ಕೀವು. ಡಾಕ್ಟ್ರು ನೋಡಿದ ಕೂಡ್ಲೇ ಗರ್ಭಕೋಶದಲ್ಲಿ ಕೀವಾಗಿದೆ, ಪಯೋಮೆಟ್ರಾ, ಇವತ್ತೇ ತೆಗೀಬೇಕು ಅಂದ್ರು. ಉಳೀತು, ಆದ್ರೆ ಆ ರಾತ್ರಿ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚ್ತದೆ. ಬೆದೆ ಮುಗಿದು ಎರಡು ಮೂರು ತಿಂಗಳು ಬಿಟ್ಟು, ಆರೋಗ್ಯ ಇದ್ದಾಗ್ಲೇ ಆಪರೇಷನ್ ಮಾಡಿಸ್ಬಿಡಿ. ಮೊಲೆ ಸಾಲಲ್ಲಿ ಗಂಟು ಇದೆಯಾ ಬೆರಳಲ್ಲಿ ಒತ್ತಿ ನೋಡಿ, ಹಲ್ಲು ತೋರಿಸಿ, ಉಣ್ಣೆ ಹುಳ ಕಚ್ಚಿ ಬರೋ ಜ್ವರಕ್ಕೆ ರಕ್ತ ಪರೀಕ್ಷೆನೂ ಆಗ್ಲಿ. ಎಷ್ಟು ಸೂಲು ಆಗಿದೆ ಅಂತ ಕೇಳೋಕೆ ಸಂಕೋಚ ಬೇಡ, 2017ರ ಕೇಂದ್ರದ ನಿಯಮದಲ್ಲೇ ಇದೆ, 18 ತಿಂಗಳಾಗೋ ಮೊದ್ಲು ಮರಿ ಮಾಡಿಸೋ ಹಾಗಿಲ್ಲ, ವರ್ಷಕ್ಕೆ ಒಂದೇ ಸೂಲು, ಒಟ್ಟು ಐದು ದಾಟೋ ಹಾಗಿಲ್ಲ.

ಕುಮಟಾದಿಂದ:
ಮಕ್ಕಳ ವಿಷ್ಯ ನಾನು ಹೇಳ್ತೆ. ಅವಳಿಗೆ ಅಂತ ಒಂದು ಮೂಲೆ, ಒಂದು ಗೋಣಿ ಹಾಸಿ, ಅವಳು ಅಲ್ಲಿದ್ದಾಗ ಯಾರೂ ಮುಟ್ಟೋ ಹಾಗಿಲ್ಲ ಅಂತ ಮಕ್ಕಳಿಗೆ ಮೊದ್ಲೇ ಹೇಳಿಡಿ, ಊಟದ ತಟ್ಟೆ ಹತ್ರಾನೂ ಹೋಗ್ಬಾರ್ದು. ಬ್ರೀಡರ್ ಹತ್ರದಿಂದ ಬಂದ ನಮ್ಮ ಬೀಗಲ್ ನಾಯಿ ಬೆದೆ ಆಗಿ ಎರಡು ತಿಂಗಳಿಗೆ ಮಗನ ಸಾಕ್ಸ್ ಎಲ್ಲಾ ಗುಡ್ಡೆ ಹಾಕ್ಕೊಂಡು ಮರಿ ಕಾದ ಹಾಗೆ ಕಾಯ್ತಿತ್ತು, ಮೊಲೆಯಲ್ಲಿ ಹಾಲೂ ಬಂತು. ಸುಳ್ಳು ಬಸಿರು ಅಂದ್ರು ಡಾಕ್ಟ್ರು. ಎಷ್ಟು ಸಲ ಅದರ ಮರಿ ಎತ್ಕೊಂಡು ಹೋಗಿದ್ರೋ ಏನೋ ಪಾಪ, ಆ ಸಾಕ್ಸ್ ಕಿತ್ಕೊಳ್ಳೋಕೆ ನನಗೆ ಮನಸ್ಸು ಬರ್ಲಿಲ್ಲ. ಮೂರು ವಾರದಲ್ಲಿ ತಾನೇ ಬಿಟ್ಟಿತು.

ಉಚ್ಚೆ ಕಕ್ಕಸಿಗೆ ಬೈಬೇಡಿ. ಮಲಗಿದಲ್ಲೇ ಮಾಡಿ ಗೊತ್ತಿರೋ ಜೀವ ಅದು. ಎದ್ದ ಕೂಡ್ಲೇ, ಉಂಡ ಕೂಡ್ಲೇ ದಿನಾ ಒಂದೇ ಜಾಗಕ್ಕೆ ಕರ್ಕೊಂಡು ಹೋಗಿ, ನಮ್ಮದು ಕಲಿಯೋಕೆ ಎರಡು ತಿಂಗಳು ತಗೊಂಡಿತು.

ಕಾರವಾರದಿಂದ:
ನಾನೂ ಇದೇ ಊರು. ಕುತ್ತಿಗೆ ಪಟ್ಟಿ ಒಂದನ್ನೇ ನಂಬ್ಬೇಡಿ, ಹೆದರಿದಾಗ ಹಿಂದಕ್ಕೆ ಜಗ್ಗಿ ತಲೆ ಬಿಡಿಸ್ಕೊಳ್ತವೆ, ಎದೆಗೆ ಸುತ್ತಿ ಕಟ್ಟೋ ಹಾರ್ನೆಸ್ ಕೂಡ ಹಾಕಿ. ನಮ್ಮದು ಚೌತಿ ಪಟಾಕಿಗೆ ಹಾಗೇ ತಪ್ಪಿಸ್ಕೊಂಡು ಒಂದಿಡೀ ರಾತ್ರಿ ಹುಡುಕಿದ್ದೇವೆ. ಸೆಕೆಗಾಲದಲ್ಲಿ ಲ್ಯಾಬ್‌ಗೆ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲೂ ಆಗಲ್ಲ. ಬೀಚಲ್ಲಿ ಸತ್ತ ಮೀನು, ಬಲೆ ಚೂರು, ಗಾಳ ಬಿದ್ದಿರ್ತದೆ, ಬಾಯಿ ಮೇಲೆ ಕಣ್ಣಿರ್ಲಿ. ಮೊದಲ ತಿಂಗಳು ಅಲ್ಲಿಗೆ ಕರ್ಕೊಂಡು ಹೋಗೋದೇ ಬೇಡ, ಅಲೆ ಸದ್ದಿಗೇ ನಡುಗ್ತವೆ. ನಾವು ಬೆಳಿಗ್ಗೆ ಆರಕ್ಕೆ ಟಾಗೋರ್ ಬೀಚಲ್ಲಿ ಇರ್ತೇವೆ, ನಮ್ಮ ನಾಯಿ ಈಗ ಹೇಗಿದ್ದಾಳೆ ಅಂತ ಮಕ್ಕಳನ್ನ ಕರ್ಕೊಂಡು ಬಂದು ನೋಡಿ.