ಅಪ್‌ಡೇಟ್: ಮಗಳ ತೋಟದ ಶಿಬಿರ ಮುಗಿಯಿತು

ಏಳು ವರ್ಷದ ಮಗಳನ್ನು ಶಿಡ್ಲಘಟ್ಟದ ಹತ್ತಿರದ ಒಂದು ತೋಟಕ್ಕೆ ವಾರದ ಬೇಸಿಗೆ ಶಿಬಿರಕ್ಕೆ ಕಳಿಸಲಾ, ಬಿಸಿಲಿಗೆ ಸುಸ್ತಾಗ್ತಾಳಾ ಅಂತ ಕೇಳಿದ್ದೆ ಅಲ್ವಾ? ಕಳಿಸಿದೆ. ನೀವು ಹೇಳಿದ ಹಾಗೆ ಟೋಪಿ, ಎರಡು ಬಾಟಲಿ ನೀರು ಕೊಟ್ಟಿದ್ದೆ. ಟೋಪಿ ಮೊದಲ ದಿನವೇ ಕಳೆದುಹೋಯಿತು.

ಸೋಮವಾರ ಗೇಟಿನಲ್ಲೇ ಅಳು. ಸಂಜೆ ಮೈಯೆಲ್ಲ ಕೆಮ್ಮಣ್ಣು, ಬಾಯಿ ಮಾತ್ರ ನಿಲ್ಲಲಿಲ್ಲ. ಹಸು, ಕರು ಎಲ್ಲಾ ಇತ್ತು, ಆದರೆ ಅವಳಿಗೆ ಹಿಡಿಸಿದ್ದು ರೇಷ್ಮೆ ಹುಳ. ಹಿಪ್ಪುನೇರಳೆ ಸೊಪ್ಪು ಹಾಕಿದ ತಕ್ಷಣ ಸಾವಿರಾರು ಹುಳ ಒಟ್ಟಿಗೆ ತಿನ್ನುವ ಸದ್ದು ಮಳೆ ಹನಿ ಬಿದ್ದ ಹಾಗೆ ಕೇಳುತ್ತೆ ಅಂತ ಅಜ್ಜಿಗೆ ಬಾಯಲ್ಲೇ ಮಾಡಿ ತೋರಿಸಿದಳು. ಹುಳ 4 ಸಲ ಜ್ವರಕ್ಕೆ ಕೂರುತ್ತೆ, ಅಂದರೆ ಸೊಪ್ಪು ಬಿಟ್ಟು ಸುಮ್ನೆ ಕೂತು ಚರ್ಮ ಕಳಚುತ್ತೆ, ಆಮೇಲೆ ಹಣ್ಣಾದ, ಅಂದರೆ ಗೂಡು ಕಟ್ಟೋಕೆ ತಯಾರಾದ ಹುಳವನ್ನು ಚಂದ್ರಿಕೆ ಅನ್ನೋ ಬಿದಿರಿನ ತಟ್ಟಿಗೆ ಬಿಡುತ್ತಾರೆ ಅಂತ ನನಗೇ ಪಾಠ.

ಒಂದೇ ಬೇಜಾರು. ಬುಧವಾರ ಮಧ್ಯಾಹ್ನದ ಬಿಸಿಲಲ್ಲಿ ಕಳೆ ಕೀಳಿಸಿದರು, ತಲೆನೋವು ಬಂತು. ಫೋನ್ ಮಾಡಿ ಜಗಳ ಆಡಿದೆ, ಮರುದಿನದಿಂದ ಹೊಲದ ಕೆಲಸ ಬೆಳಿಗ್ಗೆಗೆ ಹಾಕಿದರು.

ರೇಷ್ಮೆ ನೂಲು ತೆಗೆಯೋಕೆ ಗೂಡು ಬೇಯಿಸಿದರೆ ಒಳಗಿನ ಹುಳ ಏನಾಗುತ್ತೆ ಅಂತ ಕೇಳಿದಳು. ಸಾಯುತ್ತೆ ಅಂದೆ. ಅಜ್ಜಿಯ ರೇಷ್ಮೆ ಸೀರೆಯನ್ನು ಎರಡು ದಿನದಿಂದ ಮುಟ್ಟಿಲ್ಲ.