ನಿಗದಿತ ಸಂಬಳದ ಚಾರ್ಜ್ ನರ್ಸ್ ಹುದ್ದೆ, ಓವರ್‌ಟೈಮ್, ಯೂನಿಯನ್: ಅಮೆರಿಕದಲ್ಲಿರುವ ನರ್ಸುಗಳ ಅನುಭವ ಬೇಕಾಗಿದೆ

ಪ್ರಶ್ನೆ

ನಾನು ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದವಳು. ಈಗ ಪೆನ್ಸಿಲ್ವೇನಿಯಾದ ಖಾಸಗಿ ಆಸ್ಪತ್ರೆಯೊಂದರಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ನೈಟ್ ಡ್ಯೂಟಿ ಮಾಡುತ್ತಿದ್ದೇನೆ. ಗ್ರೀನ್ ಕಾರ್ಡ್ ಇದೆ, ಪೌರತ್ವ ಇನ್ನೂ ಸಿಕ್ಕಿಲ್ಲ. ನಿಗದಿತ ಸಂಬಳದ ಕಾಯಂ ಚಾರ್ಜ್ ನರ್ಸ್ (ಶಿಫ್ಟಿನಲ್ಲಿ ವಾರ್ಡಿನ ಉಸ್ತುವಾರಿ ನೋಡಿಕೊಳ್ಳುವ ನರ್ಸ್) ಹುದ್ದೆಯನ್ನು ಒಪ್ಪಿಕೊಳ್ಳುವಂತೆ ಮ್ಯಾನೇಜರ್ ಒತ್ತಾಯಿಸುತ್ತಿದ್ದಾರೆ. ಇದೇ ಹೊತ್ತಿಗೆ, ಒಬ್ಬ ನರ್ಸಿಗೆ ಇಷ್ಟೇ ರೋಗಿಗಳು ಎಂದು ಮಿತಿ ಹಾಕುವ ಮಸೂದೆಯ ಪರವಾಗಿ ಶಾಸಕರನ್ನು ಕಾಣಲು ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್‌ಗೆ ಬರಬೇಕೆಂದು ಯೂನಿಯನ್ನಿನವರು ಕರೆಯುತ್ತಿದ್ದಾರೆ. ಆ ಹುದ್ದೆಯನ್ನು ಒಪ್ಪಿಕೊಳ್ಳಬಹುದೇ? ಪರದೇಶದವಳಾದ ನಾನು ಇಲ್ಲಿನ ರಾಜಕೀಯದಲ್ಲಿ ತಲೆ ಹಾಕಿದರೆ ತೊಂದರೆಯಾದೀತೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಪೆನ್ಸಿಲ್ವೇನಿಯಾದಲ್ಲಿ ಕೆಲಸ ಮಾಡಿ ಈಗ ನ್ಯೂ ಜೆರ್ಸಿಯಲ್ಲಿರುವ ನರ್ಸ್

ಹುದ್ದೆಯ ವಿಚಾರವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ ಸಿಸ್ಟರ್. ಹ್ಯಾರಿಸ್‌ಬರ್ಗ್‌ಗೆ ಯಾವ ರಕ್ಷಣೆ ಇಟ್ಟುಕೊಂಡು ಹೋಗುತ್ತೀರಿ ಎಂಬುದು ಅದನ್ನೇ ಅವಲಂಬಿಸಿದೆ.

ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಸಂಬಳ ಕೊಡಬೇಕೆಂಬ ನಿಯಮ 1938ರ ಫೆಡರಲ್ (ಕೇಂದ್ರ ಸರ್ಕಾರದ) ಕಾಯ್ದೆಯಾದ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್‌ನಿಂದ ಬಂದದ್ದು. ಆ ಕಾಯ್ದೆಯ ನಿಯಮಗಳು ರಿಜಿಸ್ಟರ್ಡ್ ನರ್ಸುಗಳನ್ನು ಓವರ್‌ಟೈಮಿನಿಂದ ಹೊರಗಿಡಬಹುದಾದ ವೃತ್ತಿಪರರ ಸಾಲಿಗೆ ಸೇರಿಸುತ್ತವೆ. ಆದ್ದರಿಂದ ನಿಮಗೆ ನಿಗದಿತ ಸಂಬಳ ಗೊತ್ತುಪಡಿಸಿ, ಅದು ವಾರಕ್ಕೆ 684 ಡಾಲರಿಗಿಂತ ಕಡಿಮೆಯಾಗದಂತೆ ನೋಡಿಕೊಂಡರೆ, ನೀವು ಎಷ್ಟು ಗಂಟೆ ದುಡಿದರೂ ಓವರ್‌ಟೈಮ್ ಕೊಡಬೇಕಾದ ಹಂಗು ಆಸ್ಪತ್ರೆಗೆ ಇರುವುದಿಲ್ಲ. ಈ ಮಿತಿಯನ್ನು ಏರಿಸಲು 2024ರಲ್ಲಿ ತಂದ ನಿಯಮವನ್ನು ಅದೇ ವರ್ಷದ ನವೆಂಬರಿನಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ರದ್ದು ಮಾಡಿತು. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವ ನರ್ಸಿಗೆ ಮಾತ್ರ, ಆಕೆಯ ಪದವಿ ಎಷ್ಟೇ ದೊಡ್ಡದಿರಲಿ, ಓವರ್‌ಟೈಮ್ ಕೊಡಲೇಬೇಕು.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಡಾಲರ್ ಮೂಲ ದರ, ಅದರ ಮೇಲೆ 5 ಡಾಲರ್ ನೈಟ್ ಡಿಫರೆನ್ಷಿಯಲ್ (ರಾತ್ರಿ ಪಾಳಿಗೆ ಕೊಡುವ ಹೆಚ್ಚುವರಿ ಹಣ) ಎಂದಿಟ್ಟುಕೊಳ್ಳಿ. ಹನ್ನೆರಡು ಗಂಟೆಯ ನಾಲ್ಕು ನೈಟ್ ಶಿಫ್ಟ್ ಮಾಡಿದರೆ 48 ಗಂಟೆಯಾಗುತ್ತದೆ. ಒಂದೂವರೆ ಪಟ್ಟು ಎಂಬುದು 40ರ ಮೇಲಲ್ಲ, 45ರ ಮೇಲೆ. ಅಂದರೆ ಕೊನೆಯ ಎಂಟು ಗಂಟೆಗಳಿಗೆ 67.50ರಂತೆ 540 ಡಾಲರ್, ಒಟ್ಟು 2,340 ಡಾಲರ್ ಬರಬೇಕು. ನೈಟ್ ಹಣವನ್ನು ಬಿಟ್ಟು 60 ಡಾಲರಿನಂತೆ ಲೆಕ್ಕ ಹಾಕಿದ ಸ್ಲಿಪ್ಪುಗಳನ್ನು ನಾನು ನೋಡಿದ್ದೇನೆ. ಅಲ್ಲಿ ವಾರಕ್ಕೆ 60 ಡಾಲರ್ ಸದ್ದಿಲ್ಲದೆ ಹೋಗುತ್ತದೆ. ಊಟದ ಅರ್ಧ ಗಂಟೆಯನ್ನೂ ಪರಿಶೀಲಿಸಿ. ಕಂಪ್ಯೂಟರ್ ಅದನ್ನು ತಾನಾಗಿಯೇ ಕಳೆಯುತ್ತದೆ. ಆದರೆ ನೀವು ವಾರ್ಡಿನ ಫೋನನ್ನು ಜೇಬಿನಲ್ಲಿಟ್ಟುಕೊಂಡು, ಕಾಲ್ ಬೆಲ್ಲಿಗೆ ಎದ್ದು ಹೋಗುತ್ತ ಊಟ ಮಾಡಿದ್ದರೆ ಅದು ಬಿಡುವಲ್ಲ, ಡ್ಯೂಟಿ. ಅಂಥ ದಿನ ಊಟಕ್ಕೆ ಬಿಡುವು ಸಿಗಲಿಲ್ಲವೆಂದು ಅದೇ ಶಿಫ್ಟಿನಲ್ಲಿ ಬರೆದಿಡಬೇಕು.

ಇದು ಹಣದ ಮಾತಾಯಿತು. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ‘ಕಾಯಂ’ ಎಂಬ ವಿಶೇಷಣ. 2006ರ ಓಕ್‌ವುಡ್ ಹೆಲ್ತ್‌ಕೇರ್ ಪ್ರಕರಣದಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯು, ತಮ್ಮದೇ ವಿವೇಚನೆಯಿಂದ ಇತರ ನರ್ಸುಗಳಿಗೆ ರೋಗಿಗಳನ್ನು ಹಂಚುವ ಕಾಯಂ ಚಾರ್ಜ್ ನರ್ಸುಗಳನ್ನು ಮೇಲ್ವಿಚಾರಕರೆಂದು ತೀರ್ಮಾನಿಸಿತು. ಸರದಿಯ ಮೇಲೆ ಚಾರ್ಜ್ ನೋಡಿಕೊಳ್ಳುವವರನ್ನು ಹಾಗೆ ಪರಿಗಣಿಸಲಿಲ್ಲ. ಮೇಲ್ವಿಚಾರಕರಾದವರಿಗೆ ಯೂನಿಯನ್ ಸೇರುವುದಕ್ಕೂ ಒಗ್ಗಟ್ಟಾಗಿ ದೂರುವುದಕ್ಕೂ ಇರುವ ಫೆಡರಲ್ ರಕ್ಷಣೆ ಇಲ್ಲ.

ಪೆನ್ಸಿಲ್ವೇನಿಯಾದ ಆ್ಯಕ್ಟ್ 102 ಕೂಡ ಇದೇ ಗೆರೆಯನ್ನು ಎಳೆಯುತ್ತದೆ. 2008ರಲ್ಲಿ ಪಾಸಾಗಿ 2009ರ ಜುಲೈಯಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ, ಮೊದಲೇ ಒಪ್ಪಿಕೊಂಡ ಶಿಫ್ಟಿಗಿಂತ ಹೆಚ್ಚು ಹೊತ್ತು ನಿಲ್ಲುವಂತೆ ನರ್ಸನ್ನು ಬಲವಂತಪಡಿಸುವಂತಿಲ್ಲ. ಅನಿರೀಕ್ಷಿತ ತುರ್ತು ಪರಿಸ್ಥಿತಿಗೆ ವಿನಾಯಿತಿ ಇದೆ. ಸದಾ ಇರುವ ಸಿಬ್ಬಂದಿ ಕೊರತೆ ಅದರಲ್ಲಿ ಸೇರುವುದಿಲ್ಲ. ಹನ್ನೆರಡು ಗಂಟೆ ಮೀರಿ ಒಂದೇ ಸಮನೆ ದುಡಿದವರಿಗೆ ಸತತ ಹತ್ತು ಗಂಟೆಯ ಬಿಡುವು ಕೊಡಬೇಕು. ಆದರೆ ಈ ರಕ್ಷಣೆ ಇರುವುದು ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ, ಇಲ್ಲವೇ ಮೇಲ್ವಿಚಾರಕರಲ್ಲದವರಿಗೆ. ನಿಮ್ಮ ಮುಂದಿರುವ ಹುದ್ದೆಯನ್ನು ಒಪ್ಪಿಕೊಂಡರೆ ಓವರ್‌ಟೈಮ್, ಯೂನಿಯನ್, ‘ಇನ್ನು ನಿಲ್ಲಲಾರೆ’ ಎಂದು ಹೇಳುವ ಹಕ್ಕು, ಈ ಮೂರೂ ಒಂದೇ ಸಹಿಯಲ್ಲಿ ಕೈಬಿಟ್ಟುಹೋಗಬಹುದು. ಹುದ್ದೆಯ ವಿವರವನ್ನು ಬರವಣಿಗೆಯಲ್ಲಿ ಕೇಳಿ ಪಡೆದು, ಅದನ್ನು ಯೂನಿಯನ್ ಪ್ರತಿನಿಧಿಗೆ ತೋರಿಸದೆ ಸಹಿ ಹಾಕಬೇಡಿ. ಚಾರ್ಜ್ ಕೆಲಸ ಕಲಿಯುವ ಆಸೆ ನಿಮಗಿದ್ದರೆ, ಗಂಟೆ ಲೆಕ್ಕದಲ್ಲೇ ಉಳಿದು ಸರದಿಯ ಮೇಲೆ ಮಾಡಲು ಸಿದ್ಧವಿರುವುದಾಗಿ ತಿಳಿಸಿ.

ಉತ್ತರ 2: ಕ್ಯಾಲಿಫೋರ್ನಿಯಾದ ನರ್ಸ್

ಮೇಲಿನವರು ಹೇಳಿದ್ದಕ್ಕೆ ನಮ್ಮ ರಾಜ್ಯದ ಅನುಭವವನ್ನು ಸೇರಿಸುತ್ತೇನೆ. ಓವರ್‌ಟೈಮ್ ಕಾನೂನು ಚುನಾವಣೆಯ ಫಲಿತಾಂಶದೊಂದಿಗೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಇಲ್ಲಿನ ಹಿರಿಯ ನರ್ಸುಗಳು ಕಣ್ಣಾರೆ ಕಂಡಿದ್ದಾರೆ. ದಿನಕ್ಕೆ ಎಂಟು ಗಂಟೆ ಮೀರಿದರೆ ಓವರ್‌ಟೈಮ್ ಎಂಬ ನಿಯಮ ಇಲ್ಲಿ ಹಿಂದಿನಿಂದಲೂ ಇತ್ತು. ಗವರ್ನರ್ ಪೀಟ್ ವಿಲ್ಸನ್ ಅವರ ಕಾಲದಲ್ಲಿ, 1998ರ ಆರಂಭದಿಂದ, ಆರೋಗ್ಯ ಕ್ಷೇತ್ರವೂ ಸೇರಿದಂತೆ ಹಲವು ಉದ್ಯಮಗಳಲ್ಲಿ ಅದನ್ನು ತೆಗೆದುಹಾಕಲಾಯಿತು. ಅದೇ ವರ್ಷದ ಚುನಾವಣೆಯಲ್ಲಿ ಗ್ರೇ ಡೇವಿಸ್ ಗೆದ್ದರು. 1999ರಲ್ಲಿ ಪಾಸಾದ ಕಾಯ್ದೆಯ ಮೂಲಕ 2000ದ ಜನವರಿಯಿಂದ ಆ ನಿಯಮ ಮರಳಿ ಬಂತು. ಹನ್ನೆರಡು ಗಂಟೆಯ ಶಿಫ್ಟ್ ಬೇಕೆಂದರೆ ಆ ವಿಭಾಗದ ಸಿಬ್ಬಂದಿಯ ಮೂರನೇ ಎರಡು ಭಾಗದಷ್ಟು ಮಂದಿ ಗುಪ್ತ ಮತದಾನದಲ್ಲಿ ಒಪ್ಪಬೇಕು, ಹನ್ನೆರಡು ಮೀರಿದರೆ ಎರಡು ಪಟ್ಟು ಕೊಡಬೇಕು. ನಿಗದಿತ ಸಂಬಳ ಕೊಟ್ಟ ಮಾತ್ರಕ್ಕೆ ಸಾಮಾನ್ಯ ನರ್ಸಿನ ಓವರ್‌ಟೈಮನ್ನು ತಪ್ಪಿಸಲು ಇಲ್ಲಿ ಬರುವುದಿಲ್ಲ.

ನೀವು ಬೆಂಬಲಿಸಬೇಕೆಂದಿರುವ ಮಸೂದೆಯಂಥದ್ದು ಇಲ್ಲಿ 1999ರಲ್ಲೇ ಕಾನೂನಾಯಿತು. 2004ರ ಕೊನೆಯಲ್ಲಿ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅದರ ಮುಂದಿನ ಹಂತವನ್ನು ತಡೆಯಲು ತುರ್ತು ನಿಯಮ ತಂದಾಗ, ಕ್ಯಾಲಿಫೋರ್ನಿಯಾ ನರ್ಸಸ್ ಅಸೋಸಿಯೇಷನ್ ನ್ಯಾಯಾಲಯದ ಮೆಟ್ಟಿಲೇರಿ ಗೆದ್ದಿತು. ಅಷ್ಟಕ್ಕೇ ನಿಲ್ಲಿಸದೆ ಅವರು ಹೋದಲ್ಲೆಲ್ಲ ನರ್ಸುಗಳು ಪ್ರತಿಭಟಿಸಿದರು. 2005ರ ನವೆಂಬರಿನ ವಿಶೇಷ ಚುನಾವಣೆಯಲ್ಲಿ ಗವರ್ನರ್ ಬೆಂಬಲಿಸಿದ್ದ ನಾಲ್ಕು ಪ್ರಸ್ತಾಪಗಳೂ ಬಿದ್ದವು. ಸರ್ಕಾರಿ ನೌಕರರ ಯೂನಿಯನ್ ಚಂದಾ ಹಣವನ್ನು ರಾಜಕೀಯಕ್ಕೆ ಬಳಸುವುದಕ್ಕೆ ಪ್ರತಿಯೊಬ್ಬರಿಂದಲೂ ಬರಹದ ಒಪ್ಪಿಗೆ ಬೇಕೆಂಬ ಪ್ರಸ್ತಾಪ 75 ಅವುಗಳಲ್ಲಿ ಒಂದು.

ನಿಮ್ಮಲ್ಲಿನ ಮಸೂದೆ 2023ರಲ್ಲಿ ಕೆಳಮನೆಯಲ್ಲಿ ಪಾಸಾಗಿಯೂ ಸೆನೆಟ್ಟಿನಲ್ಲಿ ಮುಂದೆ ಸಾಗಲಿಲ್ಲ. ಹಾಗಾಗಿ ಹೋಗುವುದಾದರೆ ನಿಮ್ಮ ಕ್ಷೇತ್ರದ ಸೆನೆಟರ್ ಕಚೇರಿಗೆ ಹೋಗಿ. ರೋಗಿಯ ಹೆಸರು, ಗುರುತು ಯಾವುದೂ ಹೊರಬೀಳದಂತೆ, ಒಂದು ರಾತ್ರಿ ನಿಮ್ಮ ಪಾಲಿಗೆ ಎಷ್ಟು ರೋಗಿಗಳಿದ್ದರು, ಯಾವ ಔಷಧ ಎಷ್ಟು ತಡವಾಯಿತು ಎಂಬುದನ್ನಷ್ಟೇ ಹೇಳಿ. ಶಾಸಕರ ಸಿಬ್ಬಂದಿ ಬರೆದುಕೊಳ್ಳುವುದು ಅಂಥ ವಿವರಗಳನ್ನೇ.

ಉತ್ತರ 3: ಮ್ಯಾಸಚೂಸೆಟ್ಸ್‌ನಿಂದ

ಒಂದು ಮಾತನ್ನು ಸೇರಿಸಬೇಕೆನ್ನಿಸಿತು. ಫೆಡರಲ್ ಕಾಯ್ದೆ ಹೆಚ್ಚುವರಿ ಗಂಟೆಗೆ ಬೆಲೆ ಕಟ್ಟುತ್ತದೆಯೇ ಹೊರತು, ವಯಸ್ಕರು ಇಷ್ಟೇ ಗಂಟೆ ದುಡಿಯಬೇಕೆಂಬ ಮಿತಿಯನ್ನು ಹಾಕುವುದಿಲ್ಲ. ಬಲವಂತದ ಓವರ್‌ಟೈಮ್ ವಿರುದ್ಧ ಇಲ್ಲಿನ ವುಸ್ಟರ್ ನಗರದ ಸೇಂಟ್ ವಿನ್ಸೆಂಟ್ ಆಸ್ಪತ್ರೆಯ ನರ್ಸುಗಳು 2000ದಲ್ಲಿ 49 ದಿನ ಮುಷ್ಕರ ಹೂಡಬೇಕಾಯಿತು. ಅದಕ್ಕೆ ರಾಜ್ಯದ ಕಾನೂನು ಕಡಿವಾಣ ಹಾಕಿದ್ದು 2012ರಲ್ಲಿ. ಡಬಲ್ ಶಿಫ್ಟ್ ಮುಗಿಸಿ ಮನೆಗೆ ಹೋಗಿ ಮಕ್ಕಳನ್ನು ಶಾಲೆಗೆ ಕಳಿಸುವವಳಿಗೆ ಸಂಜೆಯ ಯೂನಿಯನ್ ಸಭೆಗೆ ಬರುವ ತ್ರಾಣ ಎಲ್ಲಿರುತ್ತದೆ? ಮತ ಹಾಕುವ ದಿನವೂ ಮಂಗಳವಾರವೇ, ಕೆಲಸದ ದಿನ. ನರ್ಸುಗಳಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ ಎಂದು ಹೇಳುವವರು ಅವರ ಡ್ಯೂಟಿ ಪಟ್ಟಿಯನ್ನು ನೋಡಿರುವುದಿಲ್ಲ.

ಉತ್ತರ 4: ಗ್ರೀನ್ ಕಾರ್ಡಿನಿಂದ ಪೌರತ್ವಕ್ಕೆ ಬಂದವರು

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಗ್ರೀನ್ ಕಾರ್ಡ್ ಇರುವವರು ಯೂನಿಯನ್ ಸದಸ್ಯರಾಗಬಹುದು, ಶಾಸಕರನ್ನು ಕಾಣಬಹುದು, ತಮ್ಮ ಸ್ವಂತ ಹಣದಿಂದ ಚುನಾವಣಾ ದೇಣಿಗೆಯನ್ನೂ ಕೊಡಬಹುದು. ಎಚ್-1ಬಿ ವೀಸಾದವರು ದೇಣಿಗೆ ಕೊಡುವಂತಿಲ್ಲ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯಬಹುದು. ಮತದಾನದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಡ್ರೈವಿಂಗ್ ಲೈಸೆನ್ಸಿನ ಕಚೇರಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಎದುರಾದಾಗ ಅವಸರದಲ್ಲಿ ‘ಹೌದು’ ಎನ್ನಬೇಡಿ. ಪೌರರೆಂದು ತಪ್ಪಾಗಿ ಹೇಳಿಕೊಳ್ಳುವುದು, ಮತ ಹಾಕುವುದು, ಇವು ದೇಶದಿಂದ ಹೊರಹಾಕುವುದಕ್ಕೂ ಕಾರಣವಾಗಬಲ್ಲವು.

ನೇಮಕಾತಿ ಏಜೆನ್ಸಿಯ ಕರಾರಿನ ಭಯವೂ ಇದ್ದರೆ ಇದು ತಿಳಿದಿರಲಿ: ಕೆಲಸ ಬಿಟ್ಟರೆ 25,000 ಡಾಲರ್ ದಂಡವೆಂದು ಬರೆಸಿಕೊಂಡಿದ್ದ ಪ್ರಕರಣದಲ್ಲಿ, 2019ರಲ್ಲಿ ಬ್ರೂಕ್ಲಿನ್ನಿನ ಫೆಡರಲ್ ನ್ಯಾಯಾಲಯ ಫಿಲಿಪೀನ್ಸ್‌ನಿಂದ ಬಂದ ನರ್ಸುಗಳ ಪರವಾಗಿ ತೀರ್ಪು ಕೊಟ್ಟಿತು. ನಿಮ್ಮ ಕರಾರಿನಲ್ಲಿ ಅಂಥ ಷರತ್ತು ಇದ್ದರೆ ಕಾರ್ಮಿಕ ವಕೀಲರಿಗೆ ತೋರಿಸಿ.

ಉತ್ತರ 5: ಮತ್ತೆ ಕ್ಯಾಲಿಫೋರ್ನಿಯಾದಿಂದ

ತೆರಿಗೆಯ ವಿಷಯ ಬಿಟ್ಟುಹೋಗಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ, 2025ರಿಂದ 2028ರವರೆಗಿನ ವರ್ಷಗಳಿಗೆ ಓವರ್‌ಟೈಮ್ ಹಣದ ಒಂದು ಭಾಗಕ್ಕೆ ಫೆಡರಲ್ ತೆರಿಗೆ ಬೀಳುವ ಆದಾಯದಲ್ಲಿ ಕಡಿತ ಸಿಗುತ್ತದೆ. ಒಂದೂವರೆಯಲ್ಲಿನ ಆ ‘ಅರ್ಧ’ಕ್ಕೆ ಮಾತ್ರ ಇದು ಅನ್ವಯಿಸುತ್ತದೆ, ವರ್ಷಕ್ಕೆ 12,500 ಡಾಲರ್, ದಂಪತಿ ಒಟ್ಟಿಗೆ ರಿಟರ್ನ್ ಸಲ್ಲಿಸಿದರೆ 25,000 ಡಾಲರ್ ಅದರ ಮಿತಿ. ಫೆಡರಲ್ ಕಾಯ್ದೆಯಂತೆ ಕೊಡಲೇಬೇಕಾದ ಓವರ್‌ಟೈಮ್ ಅಷ್ಟೇ ಲೆಕ್ಕಕ್ಕೆ ಬರುವುದರಿಂದ, ವಾರಕ್ಕೆ 40 ಗಂಟೆ ಮೀರದೆ ಬರೀ ರಾಜ್ಯದ ದಿನವಹಿ ನಿಯಮದಿಂದ ನಮಗೆ ಬರುವ ಹಣಕ್ಕೆ ಇದು ಸಿಗುವುದಿಲ್ಲ. ನಿಗದಿತ ಸಂಬಳಕ್ಕೆ ಹೋಗಿ ಓವರ್‌ಟೈಮ್ ಕಳೆದುಕೊಂಡರೆ ಈ ಕಡಿತವೂ ಹೋಗುತ್ತದೆ. ಮ್ಯಾನೇಜರ್ ಹೇಳುವ ಸಂಬಳವನ್ನು ನಿಮ್ಮ ಈಗಿನ ಗಳಿಕೆಯೊಂದಿಗೆ ಹೋಲಿಸುವಾಗ ಇದನ್ನೂ ಸೇರಿಸಿ ಲೆಕ್ಕ ಹಾಕಿ.

ಈ ಕಡಿತದ ಬಗ್ಗೆ ನಮ್ಮ ವಾರ್ಡಿನಲ್ಲೇ ಎರಡು ಅಭಿಪ್ರಾಯಗಳಿವೆ. ಸಾಲ ತೀರಿಸುತ್ತಿರುವವರಿಗೆ ಅದು ನಿಜವಾದ ನೆರವು, ಅವರ ಸಂತೋಷ ನ್ಯಾಯವಾದದ್ದು. ಹೊಸ ನರ್ಸುಗಳನ್ನು ನೇಮಿಸುವ ಬದಲು ಇರುವವರನ್ನೇ ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳಲು ಅದು ನೆಪವಾಗಬಾರದು ಎಂಬುದಷ್ಟೇ ನನ್ನ ಕಾಳಜಿ. ಹ್ಯಾರಿಸ್‌ಬರ್ಗ್‌ಗೆ ಹೋದಾಗ ಈ ಮಾತನ್ನೂ ಶಾಸಕರ ಕಿವಿಗೆ ಹಾಕಿ. ಹೋಗುವ ದಿನ ನಿಮಗೆ ಡ್ಯೂಟಿ ಇಲ್ಲದಂತೆ ಮೊದಲೇ ರಜೆ ಬರೆಸಿಕೊಳ್ಳಿ, ಆಸ್ಪತ್ರೆಯ ಬ್ಯಾಡ್ಜನ್ನು ಮನೆಯಲ್ಲೇ ಬಿಟ್ಟು ಹೋಗಿ.