ಮಗಳ ಚೀಲದಲ್ಲಿ ಸಿಕ್ಕ ಐದು ಬೆರಳಿನ ಚಿತ್ರ

ಪ್ರೌಢಶಾಲೆಯ ‘ವೆಲ್‌ಬೀಯಿಂಗ್ ವೀಕ್’ನಿಂದ (ಮಕ್ಕಳ ನೆಮ್ಮದಿಗೆಂದು ಶಾಲೆ ಮೀಸಲಿಡುವ ವಾರ) ಒಂದು ವಾರದ ಪಾಠ ಹಾಳಾಗುತ್ತದೆ ಎಂದು ಪರದೇಶದಲ್ಲಿರುವ ನಮ್ಮಂಥ ಕನ್ನಡ ಪೋಷಕರಲ್ಲಿ ಕೆಲವರಿಗೆ ಬೇಸರವಿದೆ. ಹೋದ ವರ್ಷದವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಈ ಸಲ ಹದಿನಾಲ್ಕು ತುಂಬಿದ ನನ್ನ ಮಗಳು ಆ ವಾರವನ್ನು ಹೇಗೆ ಕಂಡಳು ಎಂಬುದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೊದಲು ಅವಳಿಗೆ ಹಿಡಿಸದಿದ್ದದ್ದು. ಮಂಗಳವಾರ ಯೋಗದ ತರಗತಿಯಲ್ಲಿ ಶಿಕ್ಷಕರು, ಭಾರತ ಮೂಲದವಳೆಂದು ಇವಳತ್ತ ತಿರುಗಿ, ‘ನಿನಗೆ ಗೊತ್ತಿರುತ್ತದೆ, ಮುಂದೆ ಬಂದು ತೋರಿಸು’ ಎಂದರಂತೆ. ಇವಳು ಒಂದು ಆಸನವನ್ನೂ ಕಲಿತವಳಲ್ಲ. ಮೂವತ್ತು ಮಕ್ಕಳ ಎದುರು ಕೈಕಟ್ಟಿ ನಿಂತು ವಾಪಸು ಬಂದಿದ್ದಾಳೆ. ಅವರು ಪ್ರೀತಿಯಿಂದಲೇ ಕರೆದಿರಬಹುದು, ಆದರೆ ಎಲ್ಲರಂತೆ ಇರಬೇಕೆಂದು ಹಂಬಲಿಸುವ ವಯಸ್ಸಿನಲ್ಲಿ ಹಾಗೆ ಬೇರೆಯಾಗಿ ನಿಲ್ಲಿಸಿದರೆ ನೋವಾಗುತ್ತದೆ. ಸಾಲದ್ದಕ್ಕೆ ಗುರುವಾರ ಬೆಳಿಗ್ಗೆ ಗಣಿತದ ಕಿರುಪರೀಕ್ಷೆ ಇತ್ತು. ‘ನೆಮ್ಮದಿಯಾಗಿರಿ ಎಂದು ಹೇಳುವವರೇ ಪರೀಕ್ಷೆ ಇಟ್ಟರೆ ಹೇಗಮ್ಮಾ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಉಳಿದ ಕಾರ್ಯಕ್ರಮಗಳು ನಿಮಗೂ ಗೊತ್ತಿರುವಂಥವೇ: ಊಟದ ವಿರಾಮದಲ್ಲಿ ಮೊಬೈಲ್ ಮುಟ್ಟದಿರುವುದು, ಹೊರಗೆ ನಡಿಗೆ, ಹೆಸರು ಹಾಕದೆ ಸಹಪಾಠಿಗೊಂದು ಒಳ್ಳೆಯ ಮಾತು ಬರೆದು ಕೊಡುವುದು. ಬ್ರಿಟನ್ನಿನ ನ್ಯೂ ಎಕನಾಮಿಕ್ಸ್ ಫೌಂಡೇಶನ್ ಎಂಬ ಸಂಶೋಧನಾ ಸಂಸ್ಥೆ 2008ರಲ್ಲಿ ಮುಂದಿಟ್ಟ ನೆಮ್ಮದಿಯ ಐದು ದಾರಿಗಳನ್ನು (ಜನರೊಡನೆ ಬೆರೆಯುವುದು, ಮೈಯಾಡಿಸುವುದು, ಸುತ್ತಲಿನದನ್ನು ಗಮನಿಸುವುದು, ಹೊಸದನ್ನು ಕಲಿಯುತ್ತಿರುವುದು, ಕೈಲಾದದ್ದನ್ನು ಕೊಡುವುದು) ದಿನಕ್ಕೊಂದರಂತೆ ಹಂಚಿದ್ದರು.

ನನ್ನನ್ನು ಮೊದಲು ತಟ್ಟಿದ್ದು ಆ ವಾರ ಅವಳು ಬರೆದಿಟ್ಟ ನಿದ್ದೆಯ ದಿನಚರಿ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಇವಳ ಪಟ್ಟಿಯಲ್ಲಿ ಒಂದು ದಿನವೂ ಏಳು ಗಂಟೆ ದಾಟಿರಲಿಲ್ಲ. ಹರೆಯಕ್ಕೆ ಬಂದ ಮಕ್ಕಳ ದೇಹದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಹತ್ತಕ್ಕೇ ಮಲಗು ಎಂದರೆ ಕಣ್ಣು ಮುಚ್ಚುವುದಿಲ್ಲ. ನಾನು ಇದನ್ನು ಸೋಮಾರಿತನ ಎಂದು ಎಷ್ಟು ಬೆಳಗುಗಳಲ್ಲಿ ಗದರಿಸಿದ್ದೇನೋ. ಶನಿವಾರ ಬೆಳಗಿನ ಟ್ಯೂಷನ್ನನ್ನು ಈಗ ಮಧ್ಯಾಹ್ನಕ್ಕೆ ಹಾಕಿಸಿದ್ದೇನೆ.

ಬುಧವಾರ ಅವಳು ಒಂದು ಬಣ್ಣದ ಚಕ್ರ ತಂದಳು. ನಡುವೆ ಸಿಟ್ಟು, ದುಃಖ, ಭಯ, ಸಂತೋಷ. ಹೊರಗಿನ ಸುತ್ತುಗಳಲ್ಲಿ ಅವುಗಳ ಬಗೆಬಗೆಯ ಛಾಯೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. ‘ಇವಕ್ಕೆಲ್ಲ ನಾನು ಕನ್ನಡದಲ್ಲಿ ಬೇಜಾರು ಎಂದೇ ಹೇಳುತ್ತೇನಲ್ಲ’ ಎಂದಳು. ನಿಜ. ಗೆಳತಿ ಮಾತು ಬಿಟ್ಟರೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಅಂಕ ಕಡಿಮೆಯಾದರೂ ಬೇಜಾರು. ನಾನೂ ಅದನ್ನು ಒಂದೇ ಅರ್ಥದಲ್ಲಿ ಕೇಳಿಸಿಕೊಂಡು, ‘ಸರಿ ಹೋಗುತ್ತದೆ ಬಿಡು’ ಎಂದು ಕೆಲಸಕ್ಕೆ ತಿರುಗುತ್ತಿದ್ದೆ. ಆ ರಾತ್ರಿ ಇಬ್ಬರೂ ಕೂತು ಚಕ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆವು: ಅಳುಕು, ಮುಜುಗರ, ಕಳವಳ, ತಳಮಳ, ದುಗುಡ, ಕಸಿವಿಸಿ. ಕಸಿವಿಸಿ ಎಂದರೇನು ಎಂದು ಕೇಳಿದಳು. ಎಲ್ಲರೂ ನಗುತ್ತಿರುವಾಗ ನಿನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿ, ಹೋಗಲೂ ಆಗದೆ ಕೂತಿರುತ್ತೀಯಲ್ಲ, ಅದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಊಟದ ಮೇಜಿನಲ್ಲಿ ನನಗೆ ದಿನಾ ಹಾಗಾಗುತ್ತದೆ’ ಎಂದಳು. ಶಾಲೆ ಬದಲಾಗಿ ಎಂಟು ತಿಂಗಳಾಗಿತ್ತು. ಅಷ್ಟೂ ದಿನ ಊಟದ ಹೊತ್ತಿನಲ್ಲಿ ಅವಳ ಜೊತೆ ಯಾರು ಕೂರುತ್ತಾರೆಂದು ನಾನು ಕೇಳಿರಲಿಲ್ಲ.

ಚಿತ್ರ ಸಿಕ್ಕಿದ್ದು ಶನಿವಾರ, ಚೀಲ ಒಗೆಯಲು ತೆಗೆದಾಗ. ಹಾಳೆಯ ಮೇಲೆ ಅಂಗೈ ಇಟ್ಟು ಸುತ್ತ ಗೆರೆ ಎಳೆದು, ಕಷ್ಟ ಬಂದರೆ ಯಾರಿಗೆ ಹೇಳುತ್ತೀಯೋ ಅವರ ಹೆಸರನ್ನು ಒಂದೊಂದು ಬೆರಳಿನ ಮೇಲೆ ಬರೆಯುವ ಚಟುವಟಿಕೆ. ಹೆಬ್ಬೆರಳಿನಲ್ಲಿ ತರಗತಿಯ ಶಿಕ್ಷಕಿ, ತೋರುಬೆರಳಿನಲ್ಲಿ ಅಜ್ಜಿ, ನಡುಬೆರಳಿನಲ್ಲಿ ಗೆಳತಿಯ ಅಮ್ಮ, ಉಂಗುರ ಬೆರಳಿನಲ್ಲಿ ಚಿಕ್ಕಮ್ಮ. ಕಿರುಬೆರಳು ಖಾಲಿ. ನಾನಿರಲಿಲ್ಲ, ಅವಳ ಅಪ್ಪನೂ ಇರಲಿಲ್ಲ.

ತಡೆಯಲಾರದೆ ಕೇಳಿಯೇ ಬಿಟ್ಟೆ. ‘ನೀವಿಬ್ಬರೂ ಮೊದಲೇ ವೀಸಾ, ಕೆಲಸ, ಮನೆ ಬಾಡಿಗೆ ಎಂದು ರಾತ್ರಿ ಮಾತಾಡುತ್ತಿರುತ್ತೀರಿ. ನನ್ನದನ್ನೂ ಏಕೆ ಸೇರಿಸಲಿ?’ ಎಂದಳು. ಗೋಡೆಯಾಚೆ ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಪರದೇಶದಲ್ಲಿ ನೆಲೆಯೂರಲು ನಾವು ಪಡುವ ಪಾಡನ್ನು ಮಕ್ಕಳಿಂದ ಮುಚ್ಚಿಟ್ಟಿದ್ದೇವೆ ಎಂದುಕೊಳ್ಳುತ್ತೇವೆ. ಅವರು ತಮ್ಮದನ್ನು ನಮ್ಮಿಂದ ಮುಚ್ಚಿಡುವುದನ್ನು ನಮ್ಮಿಂದಲೇ ಕಲಿತಿದ್ದಾರೆ. ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ಏಳರಲ್ಲೊಬ್ಬರಿಗೆ ಮಾನಸಿಕ ಅಸ್ವಾಸ್ಥ್ಯವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಮಗಳಿಗೆ ಕಾಯಿಲೆಯಿದೆ ಎಂದಲ್ಲ. ಇದ್ದಿದ್ದರೂ ನನಗೆ ತಿಳಿಯುತ್ತಿರಲಿಲ್ಲ ಎಂಬುದೇ ನನ್ನ ಸಂಕಟ.

ಶಾಲೆಯ ಆಪ್ತಸಮಾಲೋಚಕರ ಬಗ್ಗೆ ಒಂದು ಮಾತು. ಅವರ ಬಳಿ ಹೋದರೆ ಮಗುವಿಗೆ ಹಣೆಪಟ್ಟಿ ಅಂಟುತ್ತದೆ ಎಂಬ ಅಂಜಿಕೆ ನನಗೂ ಇತ್ತು. ಮಗು ಹೇಳಿದ್ದನ್ನು ಅವರು ಸಾಮಾನ್ಯವಾಗಿ ಗುಟ್ಟಾಗಿಡುತ್ತಾರೆ. ಮಗುವಿನ ಅಥವಾ ಇನ್ನೊಬ್ಬರ ಜೀವಕ್ಕೆ, ಸುರಕ್ಷತೆಗೆ ಅಪಾಯವಿದೆ ಎನಿಸಿದರೆ ಮಾತ್ರ ಸಂಬಂಧಪಟ್ಟವರಿಗೆ ತಿಳಿಸಲೇಬೇಕು. ಈ ಗೆರೆ ಎಲ್ಲಿದೆ ಎಂದು ನಿಮ್ಮ ಶಾಲೆಯನ್ನು ನೇರವಾಗಿ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಮಗಳು ಎರಡು ಸಲ ಹೋಗಿ ಬಂದಿದ್ದಾಳೆ. ಒಳಗೆ ಏನು ಮಾತಾಯಿತೆಂದು ನಾನು ಕೇಳಿಲ್ಲ.

ಮುಂದಿನ ಪೋಷಕರ ಸಭೆಯಲ್ಲಿ, ಈ ವಾರದಲ್ಲಿ ಪರೀಕ್ಷೆ ಇಡಬೇಡಿ ಎಂದೂ, ಮಕ್ಕಳನ್ನು ಅವರ ಮೂಲದ ಕಾರಣಕ್ಕೆ ಮುಂದೆ ಕರೆಯಬೇಡಿ ಎಂದೂ ಕೇಳಬೇಕೆಂದಿದ್ದೇನೆ. ಎರಡನೆಯದನ್ನು ಯಾರ ಮನಸ್ಸೂ ನೋಯದಂತೆ ಹೇಗೆ ಹೇಳುವುದೆಂದು ತೋಚುತ್ತಿಲ್ಲ. ಇಂಥದ್ದನ್ನು ಶಾಲೆಯೊಡನೆ ಮಾತಾಡಿದವರು ನಿಮ್ಮಲ್ಲಿದ್ದರೆ, ಹೇಗೆ ಶುರು ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.